ಮೂವತ್ತರೊಳಗೆ ಒಂದು ನಮೂದು

ನವೆಂಬರ್ 9

ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು. ಬೆನ್ನಿಗೆ ಮೂರು ದಿಂಬು. ಮೆಟ್ಟಿಲು ಹತ್ತಬಾರದು, ಕೂಗಾಡಬಾರದು — ಡಾಕ್ಟರ ಅಪ್ಪಣೆ. ಎರಡನೆಯದು ನನ್ನ ಕೈಲಾಗದ ಕೆಲಸ.

ಭಾಮೈದ ಬಂದಿದ್ದ, ಹಣ್ಣಿನ ಬುಟ್ಟಿ ಸಮೇತ. ಹೆಂಡತಿಯ ತಮ್ಮ, ನಮ್ಮ ಸ್ಮಶಾನ ಸಮಿತಿಯ ಅಧ್ಯಕ್ಷ. ವರ್ಷಕ್ಕೊಮ್ಮೆಯೂ ಇತ್ತ ತಲೆ ಹಾಕಿದವನಲ್ಲ. ಈ ವಾರ ಇದು ನಾಲ್ಕನೇ ಸಲ.

"ಹೇಗಿದೀರಾ ಭಾವ?"

"ಪರವಾಗಿಲ್ಲ."

ಮುಖ ಸಪ್ಪಗಾಯಿತು.

ನವೆಂಬರ್ 12

ಇವತ್ತು ವಕೀಲರನ್ನೂ ಕರೆತಂದಿದ್ದ. ಬಡಾವಣೆಯವರು ಹಾಕಿದ ಕೇಸು... ಮನೆಗಳ ನಡುವೆ ಸ್ಮಶಾನ ಬೇಡವಂತೆ. ನಿಯಮವನ್ನು ನನಗೇ ವಿವರಿಸಲು ಕೂತರು. ಮೂವತ್ತು ವರ್ಷ ಯೋಜನಾ ಕಚೇರಿಯಲ್ಲಿ ನಕ್ಷೆಗೆ ಬಣ್ಣ ಬಳಿದವನಿಗೆ. ವಸತಿಗೆ ಹಳದಿ, ಸ್ಮಶಾನಕ್ಕೆ ಹಸಿರು. ಹತ್ತು ವರ್ಷ ಒಂದೂ ಹೆಣ ಹೂಳದಿದ್ದರೆ ಹಸಿರು ಹೋಗಿ ಹಳದಿ. ಆಮೇಲೆ ಇದ್ದಬದ್ದ ಮೂಳೆಯನ್ನೆಲ್ಲ ಅಗೆದು ಊರಾಚೆಯ ಹೊಸ ಸ್ಮಶಾನದಲ್ಲಿ ಒಂದೇ ಗುಂಡಿಗೆ.

ಸ್ಮಶಾನದ ರಿಜಿಸ್ಟರಿನ ಕೊನೆಯ ಹೆಸರು ನಮ್ಮ ಮಗಳದು. ಹತ್ತೊಂಬತ್ತು ವಯಸ್ಸು, ನಾಲ್ಕು ದಿನದ ಜ್ವರ. ಇದೇ ಮೂವತ್ತಕ್ಕೆ ಹತ್ತು ವರ್ಷ.

"ಅಷ್ಟರೊಳಗೆ ಒಂದು ನಮೂದು ಸಿಕ್ರೆ ಕೇಸು ನಮ್ಮದೇ," ಅಂದರು ವಕೀಲರು. ಎಲ್ಲರೂ ಹಾಸಿಗೆ ಕಡೆ ನೋಡಿದರು. ಆಮೇಲೆ ಕಿಟಕಿ ಕಡೆ.

ನವೆಂಬರ್ 16

ಈ ಸ್ಮಶಾನಕ್ಕೆ ಸೇರಿದ ನಮ್ಮವರದು ಇನ್ನು ಉಳಿದಿರುವುದು ಹನ್ನೊಂದೇ ಮನೆ. ನನಗೊಬ್ಬರು ಪ್ರತಿಸ್ಪರ್ಧಿ ಇದ್ದಾರೆ — ಹಿಂದಿನ ಬೀದಿಯ ಟೀಚರಮ್ಮ, ತೊಂಬತ್ತೆರಡು. ಸಮಿತಿಯವರು ಅಲ್ಲಿಗೂ ಬುಟ್ಟಿ ಒಯ್ದರಂತೆ. ಆಕೆ ಬುಟ್ಟಿ ಇಸಕೊಂಡು, "ನಮ್ಮಮ್ಮ ನೂರಾಮೂರಕ್ಕೆ ಹೋಗಿದ್ದು ಕಣ್ರಪ್ಪ," ಅಂದು ಬಾಗಿಲು ಹಾಕಿದರಂತೆ. ನಕ್ಕೂ ನಕ್ಕೂ ಕೆಮ್ಮು ಹತ್ತಿತು. ಭಾಮೈದ ಆಸೆಯಿಂದ ಎದ್ದು ನಿಂತ.

ಹೆಂಡತಿ ನಗಲಿಲ್ಲ. "ನಿಮ್ಮಣ್ಣನ್ನ ಅಲ್ಲೇ ಮಲಗಿಸಿದ್ರೆ ಇದೆಲ್ಲ ಇರ್ತಿತ್ತಾ?"

ನಿಜ. ನಾಲ್ಕು ವರ್ಷದ ಹಿಂದೆ ಅಣ್ಣನನ್ನು ಹೊಸ ಸ್ಮಶಾನಕ್ಕೆ ಸಾಗಿಸಿದ್ದು ನಾನೇ. ಅಲ್ಲಿ ಪಾರ್ಕಿಂಗ್ ಚೆನ್ನಾಗಿದೆ ಅಂತ. ನಿಯಮ ಬಾಯಿಪಾಠ ಇದ್ದವನು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನವೆಂಬರ್ 23

ಒಂದು ವಾರ ಬರೆಯಲಾಗಲಿಲ್ಲ. ಹೋಗೇಬಿಟ್ಟೆ ಅಂದುಕೊಂಡಿದ್ದರಂತೆ. ಭಾಮೈದ ಹಜಾರದಲ್ಲೇ ಠಿಕಾಣಿ ಹೂಡಿದ್ದ.

ಇವತ್ತು ಎದ್ದು ಕೂತೆ. ಗಡ್ಡ ಬೋಳಿಸಿಕೊಂಡೆ. ಡಾಕ್ಟರು ನಾಡಿ ಹಿಡಿದು, "ಗಂಡಾಂತರ ಕಳೀತು. ಜೋಪಾನವಾಗಿದ್ರೆ ಇನ್ನೈದು ವರ್ಷ ಚಿಂತೆ ಇಲ್ಲ," ಅಂದರು.

"ಅಷ್ಟೊಂದಾ?" ಅಂದ ಭಾಮೈದ. ಬಾಯಿ ತಪ್ಪಿ ಬಂತು, ಪಾಪ.

ನವೆಂಬರ್ 26

ಹಠ ಬಂದಿದೆ. ಡಿಸೆಂಬರ್ ಒಂದನ್ನು ನೋಡಿಯೇ ತೀರುತ್ತೇನೆ. ಭಾಮೈದ ಬರುವುದು ಬಿಟ್ಟ. ಹಣ್ಣೂ ಇಲ್ಲ.

ಮಧ್ಯಾಹ್ನ ಇವಳು ಮಗಳ ಸಮಾಧಿಗೆ ಹೋಗಿ ಬಂದಳು. ಕೈಗೆಲ್ಲ ಮಣ್ಣು. ಬಡಾವಣೆಯವರು ಆಗಲೇ ಟೇಪು ಹಿಡಿದು ಸೈಟಿಗೆ ಸುಣ್ಣದ ಗೆರೆ ಎಳೆದಿದ್ದಾರಂತೆ.

"ಗೆರೆ ಅವಳ ಎದೆ ಮೇಲೇ ಹೋಗಿದೆ ರೀ. ಅವಳದು, ಕಂಡೋರದು, ಎಲ್ಲಾ ಒಂದೇ ಚೀಲಕ್ಕೆ ತುಂಬ್ತಾರಂತೆ."

ನನಗೂ ಕರುಳು ಕಿತ್ತು ಬಂತು. ಬಾಯಿಂದ ಬಂದದ್ದು ಮಾತ್ರ ಬೇರೆ: "ಹಾಗಂತ ನಾನು ಸಾಯ್ಲಾ?"

"ಸಾಯಿ ಅಂದ್ನಾ ನಾನು?" ಅಂದಳು. ಬೇಡ ಅಂತಲೂ ಅನ್ನಲಿಲ್ಲ.

ನವೆಂಬರ್ 29, ಸಂಜೆ 4.20

ಅರ್ಧ ಗಂಟೆಯಿಂದ ಎದೆ ಹಿಡಿದಿದೆ. ಎಡಗೈ ಜೋಮು. ಮಾತು ಹೊರಡುತ್ತಿಲ್ಲ. ಬರೆದು ತೋರಿಸಿದೆ — ಡಾಕ್ಟರಿಗೆ ಫೋನ್ ಮಾಡು. "ಮಾಡ್ತೀನಿ ರೀ," ಅಂದಳು. ಮಂಚದ ಅಂಚಿಗೆ ಕೂತು ಕೈ ಹಿಡಿದುಕೊಂಡಳು. ಫೋನು ಮಡಿಲಲ್ಲೇ ಇದೆ.

4.45

ಡಾಕ್ಟರ ಮನೆ ಎರಡೇ ಬೀದಿ ಆಚೆ. ಮತ್ತೆ ತೋರಿಸಿದೆ. ಓದಿದಳು. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ನಲವತ್ತು ವರ್ಷದ ಅದೇ ಮೆತ್ತನೆ ಕೈ. ಗಡಿಯಾರ ನೋಡಿದಳು.

5.05

ಫೋನ್ ಮಾಡಿದಳು. ಡಾಕ್ಟರಿಗಲ್ಲ... ತಮ್ಮನಿಗೆ.

"ಗುಂಡಿ ತೋಡೋರಿಗೆ ನಾಳೆ ಬೆಳಗ್ಗೆ ಬರಕ್ಕೆ ಹೇಳಿಡೋ. ಅವಳ ಪಕ್ಕದಲ್ಲೇ."

ಫೋನ್ ಇಟ್ಟು ಅಳುತ್ತಿದ್ದಾಳೆ. ನಾಟಕ ಅಲ್ಲ, ನಿಜವಾದ ಅಳು. ನನ್ನ ಕೈ ಬಿಟ್ಟಿಲ್ಲ. ನಾನು ಬೇಡ ಅಂತಲ್ಲ ಅವಳಿಗೆ. ಮಗಳನ್ನು ಚೀಲಕ್ಕೆ