ಸಾಲಿನಲ್ಲಿದ್ದ ಚೀಲಗಳು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸರ್ಕಾರಿ ಕಣ್ಣಾಸ್ಪತ್ರೆಯಿಂದ ನನ್ನನ್ನು ಹೊರದಬ್ಬಿದರೆಂದು ನಿನ್ನ ಚಿಕ್ಕಪ್ಪ ಫೋನಿನಲ್ಲಿ ಹೇಳಿದನಂತೆ. ಅದು ತಪ್ಪು. ನಾನು ಹೊರಬಂದದ್ದು ನನ್ನ ಕಾಲಿನ ಮೇಲೆ. ಕಾವಲುಗಾರ ತೋಳು ಹಿಡಿದು ಗೇಟಿನವರೆಗೆ ಜೊತೆಗೆ ಬಂದನಷ್ಟೆ.

ನಿನ್ನ ಅಮ್ಮನ ಎಡಗಣ್ಣಿನ ಪೊರೆ ತೆಗೆಯಲು ಶುಕ್ರವಾರ ಖಾಲಿ ಹೊಟ್ಟೆಯಲ್ಲಿ ಬರಹೇಳಿದ್ದರು. ಅಲ್ಲಿ ಕುರ್ಚಿಗಳು ಕಡಿಮೆ. ಆದ್ದರಿಂದ ರೋಗಿಗಳು ಗೋಡೆಗೊರಗಿ ಕುಳಿತು, ತಮ್ಮ ಬದಲಿಗೆ ಕೈಚೀಲಗಳನ್ನು ಸಾಲಿನಲ್ಲಿಡುವುದು ವಾಡಿಕೆ. ನೆಲ ಒರೆಸಲು ಬಂದ ಆಯಾ ಅಷ್ಟನ್ನೂ ಮೂಲೆಗೆ ಎಸೆದು, "ನಿಮ್ಮ ಮೆರವಣಿಗೆ ನೀವೇ ಜೋಡಿಸ್ಕೊಳ್ಳಿ" ಎಂದು ಹೊರಟುಹೋದಳು. ಗಲಾಟೆಯೆಂದರೆ ಗಲಾಟೆ! ನಾನು ಎದ್ದು ಗದರಿಸಿ, ಒಂದೊಂದೇ ಚೀಲವನ್ನು ನೆನಪಿನಿಂದ ಜೋಡಿಸಿದೆ. ಇಡೀ ಹಜಾರ ನನ್ನ ಹಳೆಯ ತರಗತಿಯಂತೆ ಸುಮ್ಮನಾಯಿತು.

ಅಮ್ಮನ ಸರದಿ ಬಂತೆನ್ನುವಾಗ ವೈದ್ಯರು ಹೊರಬಂದು, ಲೆನ್ಸ್ ಮುಗಿದಿದೆ, ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ಪೊರೆ ಬಲಿತಿದೆ, ತಡ ಮಾಡಿದರೆ ಕಣ್ಣಿಗೇ ಅಪಾಯ ಎಂದು ಎಚ್ಚರಿಸಿದ್ದವರೂ ಅವರೇ! ಕೊನೆಯ ಲೆನ್ಸ್ ನಮ್ಮ ಮುಂದಿದ್ದ ದರ್ಜಿ ಹೆಂಗಸಿಗೆ ಸಿಕ್ಕಿತು. ಸೂಜಿಗೆ ದಾರ ಪೋಣಿಸಲಾಗದೆ ಕೆಲಸ ಬಿಟ್ಟವಳು; ಸಿಕ್ಕಿದ್ದು ಸರಿಯೇ.

ನಾನು ಕೇಳಿದ್ದು ಇಷ್ಟೇ: ಲೆನ್ಸ್ ಎಷ್ಟಿವೆಯೆಂದು ಬೆಳಿಗ್ಗೆಯೇ ತಿಳಿದಿರಲಿಲ್ಲವೇ? ವಯಸ್ಸಾದವರನ್ನು ತೊಟ್ಟು ನೀರೂ ಇಲ್ಲದೆ ಮಧ್ಯಾಹ್ನದವರೆಗೆ ಕೂರಿಸಿದ್ದೇಕೆ? ಅವರು ನಕ್ಕು, "ಧರ್ಮಕ್ಕೆ ಸಿಗೋದಕ್ಕೂ ಇಷ್ಟು ದಬಾಯಿಸ್ತೀರಲ್ಲ, ಯಜಮಾನ್ರೇ" ಎಂದರು. ಧರ್ಮಕ್ಕಂತೆ! ಇದು ಭಿಕ್ಷೆಯಲ್ಲ, ಹಕ್ಕು. ಈ ಕಟ್ಟಡದ ಒಂದೊಂದು ಇಟ್ಟಿಗೆಯೂ ಇಲ್ಲಿ ನೆಲದ ಮೇಲೆ ಕುಳಿತವರ ತೆರಿಗೆಯದು ಎಂದೆ. ಪಾಠ ಹೇಳುವ ದನಿಯಲ್ಲಿಯೇ ಹೇಳಿದೆ. ಅದನ್ನು ಕೂಗಾಟವೆಂದು ಚಿಕ್ಕಪ್ಪನಿಗೆ ವರದಿ ಮಾಡಿದವರಾರೋ ತಿಳಿಯದು.

ನಾಳೆ ಅಧೀಕ್ಷಕರನ್ನು ಕಾಣಲು ಹೋಗುವೆ. ನನ್ನ ದೂರನ್ನು ಅವರು ಓದಿ ಮುಗಿಸುವವರೆಗೆ ಎದುರಿನಿಂದ ಕದಲುವುದಿಲ್ಲ.

ಇಂತು,
ನಿನ್ನ ಅಪ್ಪ
ಭಾನುವಾರ, ಮಾರ್ಚ್ ಒಂಬತ್ತು, ಸಂಜೆ ಐದು ಗಂಟೆ ಹತ್ತು ನಿಮಿಷ

ಮರೆತ ಮಾತು, ಅಮ್ಮನದು: ಪುಟ್ಟೀ, ಅಪ್ಪ ಅಂಚೆ ಚೀಟಿ ಹುಡುಕ್ತಿದ್ದಾರೆ, ಅಷ್ಟರಲ್ಲಿ ಬರೀತಿದೀನಿ. ಸಾಲು ಓರೆಯಾಗಿದ್ರೆ ನಗಬೇಡ. ಕಾಗದ ಓದಿ ಹೇಳಿದ್ರು, ಒಂದು ಮಾತು ಬಿಟ್ಟಿದ್ದಾರೆ. ಆ ದರ್ಜಿಯಮ್ಮನ ಚೀಲ ನಮ್ಮ ಹಿಂದೆ ಇತ್ತು. ಜೋಡಿಸುವಾಗ ಇವರೇ ಮುಂದಕ್ಕಿಟ್ರು. ಈ ಮಸುಕುಗಣ್ಣಿಗೂ ಅದು ಕಾಣಿಸ್ತು. ನಾನು ತುಟಿ ಬಿಚ್ಚಲಿಲ್ಲ. ನೀನೂ ಕೇಳಬೇಡ. ಆದ್ರೆ ಇದ್ದ ಒಂದು ಲೆನ್ಸಿಗೆ ನನ್ನನ್ನೂ ಆಕೆಯನ್ನೂ ಉಪವಾಸ ಕೂರಿಸಿದೋರನ್ನ ನಾನು ಬಿಡಲ್ಲ. ನಾಳೆ ನಾನೂ ಹೋಗ್ತೀನಿ. ನಮ್ಮ ಚೀಲ ಈ ಸಲ ಸಾಲಿನಲ್ಲಿ ಅಲ್ಲ, ಆ ಅಧೀಕ್ಷಕರ ಮೇಜಿನ ಮೇಲೆ ಇಡ್ತೀನಿ.