ಹಂಚಿದ ಫೋಲ್ಡರಿಗೆ ಸೇರದ ಇಪ್ಪತ್ತೊಂದು ಮೆಟ್ಟಿಲು

ಕಿಟಕಿ ಪಕ್ಕದ ಮೇಜಿನ ಅಕ್ಕನಿಗೆ,

ಮಗು ಈಗಷ್ಟೇ ಕಣ್ಣು ಮುಚ್ಚಿದೆ. ಮಧ್ಯಾಹ್ನದ ಈ ಅರ್ಧ ಗಂಟೆಯಾದರೂ ನೀನೂ ಮಲಗು ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ಮಲಗಿದರೆ ನಿದ್ದೆ ಬರುವುದಿಲ್ಲ, ನಿಮ್ಮ ದನಿ ಬರುತ್ತದೆ. "ಪಾಪುಗೆ ಹಸಿವಾಗಿದೆ ಅನ್ಸತ್ತೆ, ನೀನು ಫೋನ್ ಇಡು. ನನ್ನ ಕೈಯಲ್ಲೇ ಏನೋ ತಪ್ಪಾಗಿದೆ." ಮೂರು ತಿಂಗಳ ಹಿಂದೆ ನೀವಾಡಿದ ಈ ಮಾತಿಗೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿ ಏನೂ ತಪ್ಪಾಗಿರಲಿಲ್ಲ ಅಕ್ಕ. ತಪ್ಪು ಮಾಡಿದವಳು ನಾನು. ಅದು ನನಗೆ ಅವತ್ತೇ, ಆ ಫೋನಿನಲ್ಲೇ ಗೊತ್ತಾಗಿತ್ತು.

ನಾಲ್ಕೇ ಜನ ಕೂತು ಮನೆಗಳ ನಕ್ಷೆ ಬರೆಯುವ ನಮ್ಮ ಆಫೀಸಿನಲ್ಲಿ ನಾಲ್ಕೂ ಕಂಪ್ಯೂಟರುಗಳನ್ನು ಜೋಡಿಸಿ, ಎಲ್ಲರ ನಕ್ಷೆಗಳೂ ಒಂದೇ ಕಡೆ ಇರಲಿ ಎಂದು ನನ್ನ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಮಾಡಿದವಳು ನಾನೇ ತಾನೇ. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಬೀಗದಕೈಯೂ ನನ್ನ ಬಳಿಯೇ ಇತ್ತು. ನೀವು ಒಮ್ಮೆ ಮೌಸ್ ಜಾರಿ ಒಂದು ಮನೆಯ ನಕ್ಷೆಗಳನ್ನೆಲ್ಲ ಇನ್ನೊಂದು ಮನೆಯ ಫೋಲ್ಡರಿನೊಳಗೆ ಬೀಳಿಸಿದಿರಿ. ಎರಡು ಗಂಟೆ ಹುಡುಕಿದೆವು. ಸೈಟಿಗೆ ಹೋಗಿ ಅಳತೆ ತರುವ ನಮ್ಮ ಅಳತೆಗಾರ, "ಅಕ್ಕ ಇಡೀ ಮನೇನೇ ಎತ್ತಿ ಪಕ್ಕದ ಸೈಟಲ್ಲಿ ಇಟ್ಬಿಟ್ಟಿದಾರೆ" ಎಂದ. ಎಲ್ಲರಿಗಿಂತ ಹೆಚ್ಚು ನಕ್ಕವರು ನೀವೇ. ನಾನು ನಗಲಿಲ್ಲ. ಎಂಟು ತಿಂಗಳ ಹೊಟ್ಟೆ, ಊದಿದ ಕಾಲು, ಮೂಗಿನ ತುದಿಯಲ್ಲೇ ಸಿಟ್ಟು. ನೀವು ಚಹಾಕ್ಕೆ ಎದ್ದು ಹೋದಾಗ ನಿಮ್ಮ ಹೆಸರಿನ ಮುಂದೆ ನೋಡುವ ಅನುಮತಿ ಮಾತ್ರ ಬಿಟ್ಟು, ಫೋಲ್ಡರಿನೊಳಗೆ ಏನನ್ನೂ ಇಡಲಾಗದಂತೆ ಮಾಡಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೇ ಡಾಕ್ಟರು ಇನ್ನು ಮನೆ ಬಿಟ್ಟು ಕದಲಬೇಡ ಎಂದರು.

ಮಗು ಹುಟ್ಟುವವರೆಗೂ, ಹುಟ್ಟಿದ ಮೇಲೂ ನೀವು ನನಗೆ ಫೋನ್ ಮಾಡಲಿಲ್ಲ. ಬಾಣಂತಿಗೆ ಯಾಕೆ ತೊಂದರೆ ಎಂದು ನಿಮ್ಮ ನಕ್ಷೆಗಳನ್ನು ಪೆನ್‌ಡ್ರೈವಿಗೆ ಹಾಕಿ, ಅಳತೆಗಾರನ ಕೈಯಿಂದ ಫೋಲ್ಡರಿಗೆ ಸೇರಿಸುತ್ತಿದ್ದಿರಂತೆ. ಅವತ್ತು ಅವನು ಊರಲ್ಲಿರಲಿಲ್ಲ. ಮಂಡಿ ನೋವಿನ ಅಜ್ಜಿಯೊಬ್ಬರಿಗಾಗಿ ಏಳಿಂಚು ಎತ್ತರದ ಮೆಟ್ಟಿಲುಗಳನ್ನು ನೀವು ಆರಿಂಚಿಗೆ ಇಳಿಸಿದ್ದಿರಿ. ಹದಿನೆಂಟು ಮೆಟ್ಟಿಲು ಇಪ್ಪತ್ತೊಂದಾಗಿದ್ದವು. ತಿದ್ದಿದ ನಕ್ಷೆ ಬೆಳಗಾಗುವುದರೊಳಗೆ ಫೋಲ್ಡರಿನಲ್ಲಿ ಇರಬೇಕಿತ್ತು. ಬೇರೆ ದಾರಿಯಿಲ್ಲದೆ ನನಗೆ ಫೋನ್ ಮಾಡಿದಿರಿ.

ನಾನು ಕೇಬಲ್ ನೋಡಿ ಎಂದೆ. ಆಫ್ ಮಾಡಿ ಆನ್ ಮಾಡಿ ಎಂದೆ. ಫೋಲ್ಡರ್ ತೆರೆಯುತ್ತಾ ಎಂದು ಕೇಳಿದೆ. "ತೆರೆಯತ್ತೆ ಕಣೆ. ನೋಡೋಕೆ ಬಿಡತ್ತೆ, ಇಡೋಕೆ ಬಿಡಲ್ಲ. ನಿನಗೆ ಅನುಮತಿ ಇಲ್ಲ ಅನ್ನತ್ತೆ" ಎಂದಿರಿ. ನಾನೇ ಹಾಕಿದ್ದ ತಡೆ ಆಗ ನೆನಪಾಯಿತು. ಒಂದು ಮಾತು ಸಾಕಿತ್ತು. ಆದರೆ ಫೋನ್ ಸ್ಪೀಕರಿನಲ್ಲಿತ್ತು, ನಿಮ್ಮ ಪಕ್ಕದಲ್ಲಿ ಆಫೀಸಿನ ಯಜಮಾನರು ಕೆಮ್ಮಿದ್ದು ಕೇಳಿಸಿತು. ಮಗು ಎತ್ತಿಕೊಂಡು ಮರಳಿ ಬಂದಾಗ ನನ್ನ ಕುರ್ಚಿ ಇರುತ್ತದೋ ಇಲ್ಲವೋ ಎಂಬ ಭಯ ನಾಲಿಗೆಯನ್ನು ಹಿಡಿದುಕೊಂಡಿತು. ಇನ್ನೊಮ್ಮೆ ಕೇಬಲ್ ನೋಡಿ ಅಕ್ಕ ಎಂದೆ. ಗೊತ್ತಿದ್ದೂ ಎಂದೆ. ನೀವು ಮತ್ತೆ ಮೇಜಿನ ಕೆಳಗೆ ತೂರಿದಿರಿ. ಮಂಡಿ ಹಿಡಿದು ಏಳುವಾಗಿನ ನಿಮ್ಮ ಉಸಿರು ನನಗೆ ಕೇಳಿಸಿತು.

ಮಗು ಅತ್ತಿತು. ನೀವು ತಪ್ಪನ್ನು ನಿಮ್ಮ ತಲೆಗೇ ಕಟ್ಟಿಕೊಂಡಿರಿ. ಹೇಗಾದರೂ ಮಾತು ಮುಗಿದರೆ ಸಾಕೆಂದು, "ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸೇವ್ ಆಗಿಬಿಡತ್ತೆ ಸರ್" ಎಂದು ಯಜಮಾನರಿಗೆ ಹೇಳಿ ಫೋನಿಟ್ಟೆ. ಸಂಜೆ ನಿಮ್ಮೊಬ್ಬರಿಗೇ ಫೋನ್ ಮಾಡಿ ಎಲ್ಲ ಹೇಳುತ್ತೇನೆ ಎಂದು ಆಣೆ ಇಟ್ಟುಕೊಂಡಿದ್ದೆ. ಸಂಜೆ ಮಗುವಿನ ಮೈ ಕೆಂಡವಾಯಿತು, ನನಗೆ ಲೋಕವೇ ಮರೆತುಹೋಯಿತು. ಬೆಳಿಗ್ಗೆ ನೀವು ಬರುವ ಮೊದಲೇ ಯಜಮಾನರು ನನ್ನ ಮಾತು ನಂಬಿ, ನಿಮ್ಮನ್ನೂ ಕೇಳದೆ, ಫೋಲ್ಡರಿನಲ್ಲಿದ್ದ ಹಳೇ ನಕ್ಷೆಯನ್ನೇ ಪ್ರಿಂಟ್ ತೆಗೆದು ಸೈಟಿಗೆ ಕಳಿಸಿದರು.

ಹಳೇ ನಕ್ಷೆಯಂತೆ ಎದ್ದ ಮೆಟ್ಟಿಲು ಒಡೆಯುವುದಕ್ಕೆ ಮೂರು ದಿನ ಹಿಡಿಯಿತು ಎಂದು ಅಳತೆಗಾರ ಹೇಳಿದ. ಒಂದು ಸೇವ್ ಮಾಡೋಕೆ ಬರಲ್ವಾ ಎಂದು ಯಜಮಾನರು ಎಲ್ಲರೆದುರು ಕೂಗಾಡಿದರಂತೆ. ಮೂವತ್ತು ವರ್ಷ ಗೆರೆ ಎಳೆದ ನಿಮ್ಮನ್ನು ಫೋನ್ ಎತ್ತುವ ಮೇಜಿಗೆ ಕೂರಿಸಿದರಂತೆ. ತಿಂಗಳು ತುಂಬುವಷ್ಟರಲ್ಲಿ ನೀವು ಕೆಲಸ ಬಿಟ್ಟಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಇವತ್ತು, ನಾಳೆ ಎನ್ನುತ್ತ ಮಗುವಿನ ಬಟ್ಟೆ ಮಡಚುತ್ತ ಕೂತೆ.

ಹೆರಿಗೆಯಾದ ಮೇಲೆ ನಿನ್ನೆ ಬೆಳಿಗ್ಗೆ ಮೊದಲ ಸಲ ಆಫೀಸಿಗೆ ಹೋದೆ. ನಿಮ್ಮ ಕಂಪ್ಯೂಟರಿನ ಮೇಲೆ ಹಳೇ ಟವೆಲ್ ಹೊದಿಸಿತ್ತು. ಆನ್ ಮಾಡಿದೆ. ಪರದೆಯ ತುಂಬ ನಿಮ್ಮ ಫೈಲುಗಳು: ಮೆಟ್ಟಿಲು ಸರಿ. ಮೆಟ್ಟಿಲು ಸರಿ ಎರಡು. ಮೆಟ್ಟಿಲು ಇದೇ ಸರಿ. ಮೆಟ್ಟಿಲು ದಯವಿಟ್ಟು ಇದೇ ಸರಿ. ಎಣಿಸಿದೆ, ಹದಿನಾಲ್ಕಿದ್ದವು. ಹದಿನಾಲ್ಕು ಸಲ ಬಾಗಿಲು ತಟ್ಟಿದ್ದೀರಿ.

ನನ್ನ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ನಾನು ಬಿಟ್ಟುಹೋದ ಹಾಗೆಯೇ ಇತ್ತು. ಒಂದು ಸಲ ಒತ್ತಿದ್ದರೆ ಸರಿಹೋಗುತ್ತಿತ್ತು, ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ಬೆರಳು ಅಲ್ಲೇ ಇತ್ತು ಅಕ್ಕ, ಸುಳ್ಳು ಹೇಳುವುದಿಲ್ಲ. ಆಮೇಲೆ ಎದ್ದು ಹೋಗಿ ಯಜಮಾನರನ್ನು ಕರೆದು ತೋರಿಸಿದೆ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಅವತ್ತು ಫೋನಲ್ಲೇ ಗೊತ್ತಾಯ್ತು."

ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಆ ಹೆಂಗಸನ್ನ ಎಲ್ಲರ ಮುಂದೆ ಅಂದ್ಬಿಟ್ಟೆನಲ್ಲ ಎಂದರು, ನನಗಲ್ಲ, ಗೋಡೆಗೆ. ಭಾನುವಾರ ನಿಮ್ಮ ಮನೆಗೆ ಬರುತ್ತಾರೆ. ಅದಕ್ಕೂ ಮೊದಲು ನೀನೇ ಬರೆದು ತಿಳಿಸು, ನಿನ್ನ ವಿಷಯ ಆಮೇಲೆ ಮಾತಾಡೋಣ ಎಂದಿದ್ದಾರೆ. ಮಾತಾಡಲಿ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಮತ್ತೆ ಆ ಮೇಜಿಗೆ ಬರುವುದೂ ಬಿಡುವುದೂ ನಿಮ್ಮಿಷ್ಟ. ನಿಮ್ಮ ಹೆಸರಿಗಿದ್ದ ತಡೆ ತೆಗೆದಿದ್ದೇನೆ. ಕೊನೆಯ ಮೆಟ್ಟಿಲು ನಕ್ಷೆಯನ್ನು ನೀವಿಟ್ಟ ಹೆಸರಿನಲ್ಲೇ ಫೋಲ್ಡರಿಗೆ ಸೇರಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಹೇಳಿಕೊಟ್ಟಿದ್ದಿರಿ, "ಗೆರೆ ಎಳೆಯೋ ಮುಂಚೆ ಮನಸ್ಸಲ್ಲೇ ಒಂದ್ಸಲ ಹತ್ತಿ ನೋಡು" ಅಂತ. ನಿನ್ನೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಮ್ಮ ನಕ್ಷೆಯ ಇಪ್ಪತ್ತೊಂದನ್ನೂ ಮನಸ್ಸಲ್ಲೇ ಹತ್ತಿದೆ. ಎಲ್ಲೂ ಏದುಸಿರು ಬರಲಿಲ್ಲ.

ನೀವು ಹತ್ತಬೇಕಾದ ಮೆಟ್ಟಿಲುಗಳೆಲ್ಲ ಇನ್ನು ಆರಿಂಚನ್ನು ಮೀರದಿರಲಿ.

ತಲೆ ತಗ್ಗಿಸಿ,
ನಿಮ್ಮ ಪಕ್ಕದ ಮೇಜಿನವಳು