ಕೆಂಪು ಕಾರಿಗೆ ಹಾಕದ ಬೆಲ್ಟು

ಷೆಡ್ಡಿನ ಮೇಲಿನ ಕೋಣೆ,
ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ನನ್ನ ಮುದ್ದಿನ ತಮ್ಮಾ,

ಹೇಗಿದ್ದೀಯ? ದಿನವಿಡೀ ಗೋದಾಮಿನ ಬಾಗಿಲಲ್ಲಿ ನಿಂತು ಮೇಜು ಕುರ್ಚಿ ಎಣಿಸಿ ನಿನ್ನ ಸೊಂಟ ಹಿಡಿದುಕೊಂಡಿದೆಯೆಂದು ಕೇಳಿದೆ. ಇಪ್ಪತ್ತು ವರ್ಷ ಕಾರುಗಳ ಅಡಿಯಲ್ಲಿ ಅಂಗಾತ ಮಲಗಿದಾಗ ಹಿಡಿಯದ ಸೊಂಟ ಈಗ ಹಿಡಿದಿದೆ ಅಂದರೆ, ಆ ಕೆಲಸ ನಿನ್ನ ಮೈಗೂ ಒಪ್ಪಿಗೆಯಿಲ್ಲ ಅಂತಲೇ ಲೆಕ್ಕ. ಮಗಳಿಗೆ ಮುಂದಿನ ಹಲ್ಲು ಬಂದವೇ? ನನ್ನ ಆರೋಗ್ಯ ಇದ್ದಂತೆ ಇದೆ. ಮೊಣಕಾಲು ಮೆಟ್ಟಿಲು ಹತ್ತುವಾಗ ಕಿರ್ ಅನ್ನುತ್ತದೆ, ನಾಲಿಗೆ ಮಾತ್ರ ಎಣ್ಣೆ ಹಾಕದಿದ್ದರೂ ಸಲೀಸಾಗಿ ತಿರುಗುತ್ತದೆ. ಅಪ್ಪ ನನ್ನನ್ನು ‘ರೇಡಿಯೋ’ ಅಂತ ಸುಮ್ಮನೆ ಕರೆದನೇ? ಫೋನು ಮಾಡದೆ ಪತ್ರ ಬರೆಯುತ್ತಿರುವುದೂ ಅದಕ್ಕೇ. ಫೋನಿನಲ್ಲಾದರೆ ಮಾತಾಡಿ ಗೆದ್ದುಬಿಡುತ್ತೇನೆ. ಈ ವಿಷಯದಲ್ಲಿ ನಾನು ಗೆಲ್ಲಬಾರದು.

ಷೆಡ್ಡು ನಡೆಯುತ್ತಿದೆ. ನಿನ್ನ ಜಾಗಕ್ಕೆ ಬಂದ ಮೆಕ್ಯಾನಿಕ್ ಕೆಟ್ಟವನಲ್ಲ, ಆದರೆ ಸ್ಪ್ಯಾನರ್ ಬಿಟ್ಟಲ್ಲೇ ಬಿಡುತ್ತಾನೆ. ನಾನು ಹಿಂದಿನಿಂದ ಆರಿಸುತ್ತ ಹೋಗುತ್ತೇನೆ. ಮೊನ್ನೆ ಮಂಗಳವಾರ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಪಿಂಚಣಿಗೆ ಮೊದಲೇ ಮನಸ್ಸು ಮಾಡಿಟ್ಟಿದ್ದ ಹಳೇ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾರೆ, ಮಗು ಎತ್ತಿಕೊಂಡವರ ಹಾಗೆ ಕೀಲಿಕೈ ಹಿಡಿದಿದ್ದರು. "ಈ ಟೈಮಿಂಗ್ ಬೆಲ್ಟ್ ಎಷ್ಟು ದಿನಕ್ಕೊಂದ್ಸಲ ಬದಲಿಸ್ಬೇಕಮ್ಮ? ನಂದು ಓಡೋದೇ ಕಮ್ಮಿ," ಎಂದು ಕೇಳಿದರು. ನಾನು ಬಾಯಿ ತೆಗೆದೆ, ಬಂದದ್ದು ನಿನ್ನ ಮಾತು: "ಇಂಥ ಕಾರಿಗೆ ಮೂರು ವರ್ಷ, ಇಲ್ಲ ಇಪ್ಪತ್ತು ಸಾವಿರ ಕಿಲೋಮೀಟರು, ಯಾವ್ದು ಮೊದ್ಲು ಬರುತ್ತೋ ಅದು. ರಬ್ಬರಿಗೆ ಓಡಾಡಿದ್ರೇ ವಯಸ್ಸಾಗ್ಬೇಕು ಅಂತಿಲ್ಲ, ಕೂತಲ್ಲೇ ಆಗುತ್ತೆ." ಅಷ್ಟು ಹೇಳಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೇಷ್ಟ್ರು ನೀರು ತಂದುಕೊಟ್ಟರು. ನನ್ನ ಅಂಗಡಿಯಲ್ಲಿ ಗಿರಾಕಿ ನನಗೆ ನೀರು ಕೊಟ್ಟದ್ದು ಅದೇ ಮೊದಲು.

ಅದೇ ಸಂಜೆ ನಿನ್ನ ಮನೆಯಾಕೆ ಫೋನು ಮಾಡಿದಳು. ಅವಳನ್ನು ಬೈಯಬೇಡ. ಗ್ಯಾಸ್ ಆರಿಸಿದೆಯಾ, ಬೀಗ ಹಾಕಿದೆಯಾ ಎಂದು ಮನೆ ತುಂಬ ಚೀಟಿ ಅಂಟಿಸಿದ್ದೀಯಂತೆ. ಮಗಳನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದನ್ನೂ ಬಿಟ್ಟಿದ್ದೀಯಂತೆ, ಎಲ್ಲಾದರೂ ಮರೆತು ಬಂದೇನು ಎಂದು. ಭಾನುವಾರ ಯಾರೋ ನಿನ್ನ ಹತ್ಯಾರಗಳ ಪೆಟ್ಟಿಗೆ ಕೊಳ್ಳಲು ಬರುತ್ತಾರಂತೆ. "ಅಪ್ಪನಿಗೆ ಬಂದದ್ದೇ ನನಗೂ ಬಂತು, ಮರೆವು ಶುರುವಾಗಿದೆ" ಅನ್ನುತ್ತೀಯಂತೆ. ಕೇಳಿ ನಾನು ಫೋನು ಇಟ್ಟುಬಿಟ್ಟೆ. ಲೈನ್ ಕಟ್ಟಾಯಿತು ಎಂದು ಆಮೇಲೆ ಹೇಳಿದೆ. ನೋಡು, ಅದೂ ಸುಳ್ಳೇ.

ತಮ್ಮಾ, ಆ ಕೆಂಪು ಕಾರಿನ ವಿಷಯ. ಹಲ್ಲಿನ ಡಾಕ್ಟರದು. ಬೆಲ್ಟಿಗೆ ಆಗಲೇ ಐದು ವರ್ಷವಾಗಿತ್ತು. ನೀನು ಎರಡು ವರ್ಷದಿಂದ ಹೇಳುತ್ತಿದ್ದೆ, "ಮುಂದಿನ ಸಲ ನೋಡೋಣ" ಎಂದು ತಳ್ಳುತ್ತ ಬಂದವಳು ನಾನು. ಕೊನೆಗೆ ಬೆಲ್ಟು ತರಿಸಿದೆವು. ಆ ವಾರ ಪಕ್ಕದ ಕಪ್ಪು ಕಾರಿನ ಬೆಲ್ಟು ಮುಗಿಸಿ ನೀನು ಜ್ವರದಲ್ಲಿ ಹೊರಟುಹೋದೆ. ಆರು ದಿನ ಹಾಸಿಗೆ. ಶನಿವಾರ ಡಾಕ್ಟರು ಹಳೇ ಕಾರುಗಳ ಮೆರವಣಿಗೆಗೆ ಹೊರಟು ನಿಂತಿದ್ದರು, ನಾನು ಆಗಲೇ ಮಾತು ಕೊಟ್ಟಿದ್ದೆ. ಕೈಗೆ ಗ್ರೀಸು ಹತ್ತಿದ ಮೇಲೆ ಅಕ್ಷರ ಕೆಡುತ್ತದೆಂದು ನೀನು ಕೆಲಸಕ್ಕೆ ಮೊದಲೇ ಕಾರ್ಡು ಬರೆದಿಡುವವನಲ್ಲವೇ? ಬೆಲ್ಟಿನ ಡಬ್ಬಿಯ ಮೇಲೆ ಅದು ಇತ್ತು: ತಾರೀಖು, ‘ಬೆಲ್ಟು ಬದಲಿಸಿದೆ’, ಕೆಳಗೆ ನಿನ್ನ ಸಹಿ. ಐದು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರೂ ಓಡದ ಕಾರು, ಏನು ಮಹಾ ಸವೆತ ಎಂದು ನಾನು ಓಟವನ್ನಷ್ಟೇ ಎಣಿಸಿದೆ, ವರ್ಷ ಎಣಿಸಲಿಲ್ಲ. ಕಾರ್ಡನ್ನು ಎಂಜಿನ್ ಮುಚ್ಚಳದ ಒಳಗೆ ಅಂಟಿಸಿದೆ. ಬಿಲ್ಲೂ ಬರೆದೆ. ಡಬ್ಬಿಯನ್ನು ನನ್ನ ಮೇಜಿನ ಕೆಳಗಿನ ಖಾನೆಗೆ ಹಾಕಿ ಬೀಗ ಹಾಕಿದೆ.

ಅಲ್ಲಿಗೆ ನಿಂತಿದ್ದರೆ ನನ್ನನ್ನು ಬರೀ ಕಳ್ಳಿ ಅನ್ನಬಹುದಿತ್ತು. ನೀನು ಜ್ವರ ಬಿಟ್ಟು ಬಂದು, "ಅಕ್ಕಾ, ಕೆಂಪು ಕಾರಿನ ಬೆಲ್ಟ್ ಹಾಕಿದ್ನಾ ನಾನು?" ಎಂದು ಕೇಳಿದೆ. ಆಗ ನಕ್ಕು, "ನೀನೇ ಮಾಡಿ ಮುಗಿಸಿದ್ಯಲ್ಲೋ ಜ್ವರದಲ್ಲೇ, ಅಷ್ಟೂ ನೆನಪಿಲ್ವಾ?" ಎಂದವಳು ನಾನು. ನೀನೂ ನಕ್ಕೆ. ಮುಂದಿನ ಸರ್ವೀಸಿಗೆ ಬಂದಾಗ ಹೇಗಾದರೂ ಹೇಳಿ ಹಾಕಿಸಿಬಿಡುತ್ತೇನೆ ಎಂದುಕೊಂಡೆ. ಏಳು ತಿಂಗಳಿಗೆ ಸೇತುವೆಯ ಏರಿನಲ್ಲಿ ಬೆಲ್ಟು ಹರಿಯಿತು. ವಾಲ್ವುಗಳೆಲ್ಲ ಪಿಸ್ಟನ್ನಿಗೆ ಬಡಿದು ಸೊಟ್ಟಗಾದವು, ಎಂಜಿನ್ ಸತ್ತು ಕಾರು ನಡುರಸ್ತೆಯಲ್ಲೇ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಗೇಣು ದೂರದಲ್ಲಿ ನಿಂತಿತು, ಒಳಗೆ ಡಾಕ್ಟರ ಹೆಂಡತಿ ಕೂತಿದ್ದರು.

ಡಾಕ್ಟರು ಕಾರ್ಡು ಕಿತ್ತು ತಂದು ನಾಲ್ಕು ಜನರ ಎದುರು ನಿನ್ನ ಕೈಗೆ ಕೊಟ್ಟರು. "ನಿಮ್ಮ ಸಹಿ ಅಂತ ನಂಬಿದ್ದೆ ಕಣ್ರೀ," ಅಂದರು. ಹರಿದ ಬೆಲ್ಟಿನ ಮೇಲೆ, ಹಿಂದಿನ ಸಲ ಹಾಕುವಾಗ ನೀನೇ ಬಿಳಿ ಬಣ್ಣದಲ್ಲಿ ಬರೆದಿದ್ದ ಹಳೇ ತಾರೀಖು. ನೀನು ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಕಾರ್ಡನ್ನೂ ಹಿಡಿದು ನನ್ನ ಮುಖ ನೋಡಿದೆ. ನಾನು ಆ ಹೊತ್ತಿಗೆ ಏನು ಮಾಡುತ್ತಿದ್ದೆ ಗೊತ್ತೇ? ಮೇಜಿನ ಮೇಲಿನ ಧೂಳು ಒರೆಸುತ್ತಿದ್ದೆ. ಇಡೀ ಊರನ್ನು ಮಾತಲ್ಲಿ ಕೊಂಡು ಮಾರುವ ರೇಡಿಯೋ ಅಂದು ಕೆಟ್ಟು ಕೂತಿತು. ಕೆಸರಾದದ್ದು ನಿನ್ನ ಕೈ, ಮೊಸರು ಬಿದ್ದದ್ದು ನನ್ನ ಬಾಯಿಗೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು, ಅಂದು ಆ ಕೆಸರನ್ನು ನಿನ್ನ ಮುಖಕ್ಕೇ ಬಳಿದೆ. ನೀನು ಷೆಡ್ಡು ಬಿಟ್ಟು ಎರಡೂವರೆ ವರ್ಷ ಆಯಿತು. ನಿನಗೆ ಕೋಪ ಬಂದು ಹೋದೆ, ತಣ್ಣಗಾದಾಗ ಬರುತ್ತೀಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನಗೆ ಕೋಪ ಬರಲೇ ಇಲ್ಲ, ನಿನ್ನ ತಲೆಯ ಮೇಲೇ ನಿನಗೆ ಹೆದರಿಕೆ ಬಂದಿತ್ತು. ಅದು ನನಗೆ ತಿಳಿಯಲು ಮೊನ್ನೆಯ ಫೋನು ಬೇಕಾಯಿತು.

ನಿನ್ನೆ ಡಾಕ್ಟರ ಆಸ್ಪತ್ರೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಎಲ್ಲರ ಬಾಯಿ ತೆಗೆಸುವ ಮನುಷ್ಯ ತಾವು ಬಾಯಿ ಮುಚ್ಚಿಕೊಂಡು ಕೇಳಿದರು. ಕೊನೆಗೆ ಕೇಳಿದ್ದು ಒಂದೇ: "ನಂಗೆ ಹೇಳಿದ್ರಿ ಸರಿ. ಅವರಿಗೆ ಹೇಳಿದ್ರಾ?" ಸುಲಭದ ಮನೆಯ ಬಾಗಿಲನ್ನು ಮೊದಲು ತಟ್ಟಿದ್ದೆ ತಮ್ಮಾ. ಅದು ಅವರಿಗೂ ಗೊತ್ತಾಯಿತು.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಚು ಕಾಣುತ್ತಿರಬಹುದು. ಅದನ್ನು ಎದುರು ನಿಂತು ಕೇಳಬೇಕು. ದೊಡ್ಡವಳೆಂಬ ಒಂದೇ ಹಕ್ಕಿನಿಂದ ಹರಸುತ್ತೇನೆ: ನಿನ್ನ ಕೈಯೂ ತಲೆಯೂ ಮೊದಲಿದ್ದಂತೆಯೇ ಇವೆ, ಹಾಗೇ ಇರಲಿ. ನಿನ್ನ ಮನೆಯಾಕೆಗೆ ನನ್ನ ನೆನಪು ಹೇಳು, ಮಗಳ ಕೆನ್ನೆಗೆ ಅತ್ತೆಯದೊಂದು ಮುತ್ತು.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ನಿನ್ನನ್ನು ಸಮಾಧಾನ ಮಾಡಲು ಇವಳು ಕಥೆ ಕಟ್ಟುತ್ತಿದ್ದಾಳೆ ಅನ್ನುತ್ತೀಯ, ನನಗೆ ಗೊತ್ತು. ನನ್ನ ಮಾತು ನಂಬಲೇಬೇಡ. ಪತ್ರ ತಂದ ಬಸ್ಸಿನ ಡ್ರೈವರ್ ಒಂದು ಡಬ್ಬಿಯನ್ನೂ ಕೊಡುತ್ತಾನೆ. ಒಳಗೆ ಆ ಕಾರಿಗೆ ಬೇಕಿದ್ದ ಜೋಡಿ ಬೆಲ್ಟು, ಪ್ಲಾಸ್ಟಿಕ್ಕು ಒಡೆದಿಲ್ಲ. ಮೇಲೆ ‘ಡಾಕ್ಟರ ಕೆಂಪು ಕಾರು’ ಎಂದು ಬರೆದದ್ದು ಯಾರ ಅಕ್ಷರ ಎಂದು ನೀನೇ ನೋಡು. ಭಾನುವಾರ ಪೆಟ್ಟಿಗೆ ಮಾರಬೇಡ. ಈ ಬೆಲ್ಟುಗಳನ್ನು ಮಾತ್ರ ಯಾವ ಕಾರಿಗೂ ಹಾಕಬೇಡ. ಇದೇ ತಿಂಗಳಿಗೆ ಮೂರು ವರ್ಷವಾಯಿತು, ನನ್ನ ಖಾನೆಯಲ್ಲಿ ಕೂತಲ್ಲೇ ಅವಕ್ಕೆ ವಯಸ್ಸಾಗಿದೆ.